ಡೇರೆಯಲ್ಲಿ ಹುಟ್ಟಿದ ಮುತ್ತಜ್ಜಿಯ ಜಾಡು: ಬ್ರಿಟನ್ನಿನ ರೋಮನಿ ಪೂರ್ವಜರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಧಾರವಾಡದ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತೇ ಅಂಗಳಕ್ಕೆ ಬಂದು, ನಮ್ಮ ಮನೆತನದ ಮೂಲ ಊರು ಯಾವುದು, ಯಾರ ಮಗ ಯಾರು, ಎಲ್ಲಿಂದ ಹೆಣ್ಣು ತಂದರು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಜ್ಜ ಜೋಳ ಅಳೆದು ಕೊಡುತ್ತಿದ್ದ. ನಿಂತ ಊರಲ್ಲೇ ನಿಂತ ನಮ್ಮ ವಂಶ, ತಿರುಗಾಡುವವರ ಬಾಯಲ್ಲಿತ್ತು.

ಮದುವೆಯಾಗಿ ಇಂಗ್ಲೆಂಡಿನ ಕೆಂಟ್‌ಗೆ ಬಂದ ಮೇಲೆ ಇದರ ಉಲ್ಟಾ ಕಂಡೆ. ನನ್ನ ಗಂಡನ ಅಜ್ಜಿಯ ಕಡೆಯವರು ರೋಮನಿ ಜಿಪ್ಸಿಗಳು. ತಿರುಗಾಡಿದವರು ಅವರು. ಅವರ ಬಗ್ಗೆ ಬರೆದಿಟ್ಟವರು ಊರಲ್ಲಿ ಕೂತಿದ್ದ ಪಾದ್ರಿ, ಪೊಲೀಸ್, ಜನಗಣತಿ ಗುಮಾಸ್ತ. ಅವರಿಗೆ ಈ ಜನ ಬೇಗ ಊರು ಬಿಟ್ಟು ಹೋದರೆ ಸಾಕಿತ್ತು! ಹಾಗಾಗಿ ಈ ಹುಡುಕಾಟದಲ್ಲಿ ಯಾವ ಕಾಗದ ಸಿಕ್ಕರೂ ನಾನು ಮೊದಲು ನೋಡುವುದು ಒಂದೇ: ಇದನ್ನು ಬರೆದವರು ಯಾರು, ಯಾಕೆ ಬರೆದರು?

ಇಲ್ಲಿನ ಕನ್ನಡದ ಗೆಳತಿಯರಲ್ಲಿ ಕೆಲವರ ಅಳಿಯ ಸೊಸೆಯರ ಮನೆಯಲ್ಲೂ ಇಂಥ ಕಥೆಗಳಿವೆ. ಅವರು ಕೇಳುತ್ತ ಬಂದ ಪ್ರಶ್ನೆಗಳು ಇವು.

‘ಜಿಪ್ಸಿ’ ಅನ್ನಬಹುದಾ, ‘ರೋಮನಿ’ ಅನ್ನಬೇಕಾ?

16ನೇ ಶತಮಾನದ ಶುರುವಿನಲ್ಲಿ ಇವರು ಬ್ರಿಟನ್ನಿಗೆ ಬಂದಾಗ ಜನ ಇವರನ್ನು ಈಜಿಪ್ಟಿನವರು ಅಂದುಕೊಂಡರು. ‘ಈಜಿಪ್ಶಿಯನ್’ ಸವೆದು ‘ಜಿಪ್ಸಿ’ ಆಯಿತು. ಇಂಗ್ಲೆಂಡಿನಲ್ಲಿ ಅನೇಕ ಕುಟುಂಬಗಳು ತಮ್ಮನ್ನು ‘ರೋಮನಿ ಜಿಪ್ಸಿ’ ಅಂತ ಹೆಮ್ಮೆಯಿಂದಲೇ ಕರೆದುಕೊಳ್ಳುತ್ತವೆ. ಯುರೋಪಿನ ಬೇರೆ ಕಡೆ ಅದೇ ಪದ ಬೈಗುಳ. ಅಲ್ಲಿ ‘ರೋಮಾ’ ಅನ್ನಿ. ನಿಮ್ಮ ಮುಂದೆ ಕೂತವರು ತಮ್ಮನ್ನು ಏನಂತಾರೋ ಹಾಗೇ ಕರೆಯಿರಿ.

ಐರಿಶ್ ಟ್ರಾವೆಲರ್‌ಗಳು ಬೇರೆ ಜನ. ಅವರ ಮೂಲ ಐರ್ಲೆಂಡಿನಲ್ಲೇ ಇದೆ. ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವ ‘ಶೋಮನ್’ ಕುಟುಂಬಗಳು, ಕಾಲುವೆ ದೋಣಿಗಳಲ್ಲೇ ಬದುಕಿದವರು, ಇವರೂ ಬೇರೆ. ಆದರೆ ಮದುವೆ ಸಂಬಂಧಗಳು ಎಲ್ಲರ ನಡುವೆಯೂ ನಡೆದಿವೆ. ಒಂದು ಕಡೆ ಹುಡುಕಲು ಹೋಗಿ ಇನ್ನೊಂದು ಕಡೆ ಬಂದು ನಿಂತರೆ ಗಾಬರಿಯಾಗಬೇಡಿ.

ಇವರು ನಮ್ಮ ದೇಶದಿಂದ ಹೋದವರಂತೆ. ನಿಜಾನಾ?

ನಿಜ. ಇದನ್ನು ಮೊದಲು ತೋರಿಸಿಕೊಟ್ಟಿದ್ದು ಭಾಷೆ. 1782ರಲ್ಲಿ ಜರ್ಮನಿಯ ಯೋಹಾನ್ ರೂಡಿಗರ್ ಎಂಬ ವಿದ್ವಾಂಸ ರೋಮನಿ ಮಾತನ್ನು ಹಿಂದುಸ್ತಾನಿಯ ಪಕ್ಕದಲ್ಲಿಟ್ಟು ಹೋಲಿಸಿದ. ನೀರಿಗೆ ‘ಪಾನಿ’, ಮೂಗಿಗೆ ‘ನಕ್’, ಕಿವಿಗೆ ‘ಕನ್’. ಹಿಂದಿ ಗೊತ್ತಿದ್ದವರಿಗೆ ಹೇಳಬೇಕಾಗಿಯೇ ಇಲ್ಲ. ಕನ್ನಡದವರಿಗೂ ಕೆಲವು ಪದ ಹತ್ತಿರವೇ. ಚಾಕುವಿಗೆ ‘ಚೂರಿ’, ಮನುಷ್ಯನಿಗೆ ‘ಮನುಷ್’, ಹಲ್ಲಿಗೆ ‘ದಂದ್’, ದೊಡ್ಡ ಮನುಷ್ಯನಿಗೆ ‘ರಾಯ್’. ನಮ್ಮ ‘ರಾಯರು’ ಇದ್ದ ಹಾಗೇ. ಇಂಗ್ಲಿಷಿನವರು ಗೆಳೆಯನಿಗೆ ‘ಪ್ಯಾಲ್’ ಅಂತಾರಲ್ಲ, ಅದು ರೋಮನಿಯ ‘ಫ್ರಾಲ್’. ಅಂದರೆ ಅಣ್ಣ ತಮ್ಮ, ಸಂಸ್ಕೃತದ ಭ್ರಾತೃ.

ನನಗೆ ಇನ್ನೂ ಇಷ್ಟವಾದದ್ದು ಅಂಕಿಗಳು. ಎರಡು ‘ದುಯಿ’, ಮೂರು ‘ತ್ರಿನ್’, ಐದು ‘ಪಾಂಜ್’. ಅಲ್ಲಿವರೆಗೆ ನಮ್ಮ ಕಡೆಯದೇ. ಏಳಕ್ಕೆ ಬಂದರೆ ‘ಎಫ್ತಾ’, ಎಂಟಕ್ಕೆ ‘ಒಖ್ತೊ’. ಅವು ಗ್ರೀಕ್! ದಾರಿಗೆ ಅವರು ಬಳಸುವ ‘ದ್ರೋಮ್’ ಕೂಡ ಗ್ರೀಕ್ ಪದವೇ. ವಾಯವ್ಯ ಭಾರತ ಬಿಟ್ಟು, ಪರ್ಷಿಯಾ ದಾಟಿ, ಗ್ರೀಕ್ ಮಾತಾಡುವ ಬೈಜಾಂಟಿಯಂ ನಾಡಿನಲ್ಲಿ ತುಂಬಾ ಕಾಲ ನಿಂತು ಬಂದ ಗುರುತು ಎಣಿಕೆಯಲ್ಲೇ ಉಳಿದಿದೆ. ಹೊರಟು ಸಾವಿರದಿಂದ ಸಾವಿರದ ಐನೂರು ವರ್ಷವಾಗಿರಬೇಕು. ಹಾಗಾಗಿ ನಿಮ್ಮ ವಂಶವೃಕ್ಷ ಕಾಗದದ ಮೇಲೆ ಭಾರತದವರೆಗೆ ಬರುವುದಿಲ್ಲ. ಆ ಆಸೆಯನ್ನು ಇಲ್ಲೇ ಬಿಟ್ಟುಬಿಡಿ.

ಹಾಗಾದರೆ ನಮ್ಮ ಲಂಬಾಣಿಗರೂ ಇವರೂ ಒಂದೇ ಅಲ್ವಾ?

ಹಾಗಂತ ಸುಮಾರು ಜನ ಹೇಳುತ್ತಾರೆ. ಬಂಡಿ, ಕನ್ನಡಿ ಹಚ್ಚಿದ ಲಂಗ, ತಿರುಗಾಟ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಲಂಬಾಣಿ ಮಾತು ರಾಜಸ್ಥಾನಿಗೆ ಹತ್ತಿರ, ರೋಮನಿ ಅದಕ್ಕಿಂತ ಎಷ್ಟೋ ಮೊದಲೇ ಬೇರೆಯಾದ ಭಾಷೆ. ದೂರದ ನೆಂಟಸ್ತಿಕೆ ಇರಬಹುದು, ಒಂದೇ ಜನ ಎಂದು ಹೇಳಲು ಆಧಾರವಿಲ್ಲ.

ನಿಜವಾಗಿ ಎರಡೂ ಕಡೆ ಒಂದೇ ಇದ್ದದ್ದು ಸರ್ಕಾರದ ಕಣ್ಣು. ಇಂಗ್ಲೆಂಡಿನಲ್ಲಿ ಡೇರೆ ಹಾಕಿದವರಿಗೆ ದಂಡ ಹಾಕುತ್ತಿದ್ದ ಆಡಳಿತವೇ ಭಾರತದಲ್ಲಿ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮುಂದೆ ಕೊರಚ, ಕೊರಮರಂಥವರಿಗೂ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದ ಕಾಯ್ದೆ ಅದು. ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಆ ಕಾಯ್ದೆಯ ಕಾಲದ್ದೇ.

ಎಲ್ಲಿಂದ ಶುರು ಮಾಡಲಿ?

ನಿಮ್ಮಿಂದ. ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಿ. ‘ನಾವು ಬಾಸ್ವೆಲ್ ಮನೆತನದ ರಾಜನ ವಂಶ’ ಅಂತ ಯಾರೋ ಹೇಳಿದ್ದು ಹಿಡಿದು 1750ರಿಂದ ಕೆಳಗೆ ಇಳಿಯಲು ಹೋದರೆ ಖಂಡಿತ ಬೇರೆಯವರ ಮನೆಗೆ ಹೋಗಿ ನಿಲ್ಲುತ್ತೀರಿ.

ಮನೆಯ ಹಿರಿಯರನ್ನು ಕೇಳುವಾಗ ಹುಟ್ಟಿದ ತಾರೀಕು ಕೇಳಬೇಡಿ. ಅವರಿಗೆ ಗೊತ್ತಿರುವುದಿಲ್ಲ. ಯಾವ ಹೊಲದಲ್ಲಿ ಬಟಾಣಿ ಬಿಡಿಸಲು ಹೋಗುತ್ತಿದ್ದಿರಿ, ಚಳಿಗಾಲದಲ್ಲಿ ಎಲ್ಲಿ ನಿಲ್ಲುತ್ತಿದ್ದಿರಿ, ಯಾವ ಕುದುರೆ ಜಾತ್ರೆ, ಜೊತೆಗೆ ಯಾರ ಬಂಡಿ ಇರುತ್ತಿತ್ತು, ಇದನ್ನು ಕೇಳಿ. ಜೊತೆಗಿದ್ದ ಬಂಡಿಯವರು ನೂರಕ್ಕೆ ತೊಂಬತ್ತು ಪಾಲು ನೆಂಟರೇ ಆಗಿರುತ್ತಾರೆ.

ಅಡ್ಡಹೆಸರು ಸ್ಮಿತ್. ರೋಮನಿ ಇರಬಹುದಾ?

ಇರಬಹುದು, ಇಲ್ಲದೆಯೂ ಇರಬಹುದು. ಸ್ಮಿತ್, ಲೀ, ಕೂಪರ್, ಬಾಸ್ವೆಲ್, ಬಕ್ಲೆಂಡ್, ಹರ್ನ್, ಲವೆಲ್, ಸ್ಟ್ಯಾನ್ಲಿ, ಲವರಿಜ್, ಸ್ಕ್ಯಾಂಪ್ ಇವೆಲ್ಲ ರೋಮನಿ ಕುಟುಂಬಗಳಲ್ಲಿ ಜಾಸ್ತಿ ಕಾಣುವ ಅಡ್ಡಹೆಸರುಗಳು. ಆದರೆ ಇಂಗ್ಲೆಂಡಿನ ಸ್ಮಿತ್‌ಗಳೆಲ್ಲ ಜಿಪ್ಸಿಗಳಾದರೆ ಊರಲ್ಲಿ ಬೇರೆ ಯಾರೂ ಉಳಿಯುವುದಿಲ್ಲ. ಒಳಗಡೆ ಬೇರೆ ಹೆಸರೂ ಇರುತ್ತಿತ್ತು. ಸ್ಮಿತ್ ಮನೆಯವರು ತಮ್ಮಲ್ಲೇ ‘ಪೆಟುಲೆಂಗ್ರೊ’, ಅಂದರೆ ಲಾಳ ಮಾಡುವವರು. ಪೊಲೀಸರ ಮುಂದೆ ಒಂದು, ಚರ್ಚಿನಲ್ಲಿ ಇನ್ನೊಂದು, ಅವ್ವನ ಮನೆತನದ್ದು ಮತ್ತೊಂದು. ಒಬ್ಬನೇ ಮನುಷ್ಯ ಮೂರು ಅಡ್ಡಹೆಸರಲ್ಲಿ ಸಿಕ್ಕರೆ ಅವನು ಕಳ್ಳ ಎಂದು ತಿಳಿಯಬೇಡಿ.

ಅಡ್ಡಹೆಸರಿಗಿಂತ ಕೆಲಸಕ್ಕೆ ಬರುವುದು ಇಟ್ಟ ಹೆಸರು. ಸಿನ್ಫಿ, ಕೆಜಾಯಾ, ವಾಷ್ಟಿ, ಬ್ರಿಟಾನಿಯಾ, ಲಿಬರ್ಟಿ, ಓಷನ್, ಪ್ಲೇಟೊ, ಗೊಲಾಯತ್. ಕೆಲವಂತೂ ಬೈಬಲ್ಲಿನ ಮೂಲೆಯಲ್ಲಿದ್ದ ಹೆಸರುಗಳನ್ನು ಹುಡುಕಿ ಇಟ್ಟ ಹಾಗಿರುತ್ತವೆ. ಮೇರಿ ಸ್ಮಿತ್ ಸಾವಿರಾರು ಸಿಗುತ್ತಾರೆ. ಸಿನ್ಫಿ ಸ್ಮಿತ್ ಎಷ್ಟು ಜನ ಇದ್ದಾರು? ಇಂಥ ಹೆಸರು ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೇ. ಗುಮಾಸ್ತ ಮಾತ್ರ ಈ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ಓದು ಬಾರದ ತಾಯಿ ಅದನ್ನು ಹೇಗೆ ತಿದ್ದಬೇಕು? ಹುಡುಕುವಾಗ ಅಡ್ಡಹೆಸರಿನ ಖಾನೆ ಖಾಲಿ ಬಿಟ್ಟು, ಹೆಸರನ್ನು ನಾಲ್ಕೈದು ಬಗೆಯಲ್ಲಿ ಹಾಕಿ ನೋಡಿ.

ಜನಗಣತಿಯಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಯಾಕೆ?

ಎಲ್ಲರೂ ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ. ದೇಶದಾದ್ಯಂತ ಹೆಸರುಗಳ ಸಮೇತ ಬರೆದದ್ದು 1841ರಿಂದ. ಆದರೆ ಆ ವರ್ಷ ಡೇರೆ, ಕೊಟ್ಟಿಗೆ, ಬಯಲಲ್ಲಿ ಮಲಗಿದ್ದವರ ತಲೆ ಎಣಿಸಿದರೇ ಹೊರತು ಹೆಸರು ಬರೆಯಲಿಲ್ಲ. ಗಂಡಸರು ಇಷ್ಟು, ಹೆಂಗಸರು ಇಷ್ಟು, ಮುಗೀತು. ಹೀಗಾಗಿ 1841ರಲ್ಲಿ ಸಿಗದಿದ್ದರೆ ತಪ್ಪು ನಿಮ್ಮದಲ್ಲ.

1851ರಿಂದ ಹೆಸರು ಬರುತ್ತದೆ, ಆದರೆ ಎಲ್ಲಿ? ಗುಮಾಸ್ತ ಮನೆ ಮನೆ ಬರೆದು ಮುಗಿಸಿ, ಡೇರೆಯವರನ್ನು ಎಷ್ಟೋ ಸಲ ಪುಸ್ತಕದ ಕೊನೆಯ ಹಾಳೆಗಳಲ್ಲಿ ಸೇರಿಸಿದ್ದಾನೆ. ಒಂದು ಚರ್ಚಿನ ಸರಹದ್ದಿಗೆ ‘ಪ್ಯಾರಿಷ್’ ಅನ್ನುತ್ತಾರೆ. ಒಂದು ಪ್ಯಾರಿಷ್‌ನಲ್ಲಿ ಅವರಿದ್ದರು ಎಂಬ ಅನುಮಾನ ಬಂದರೆ ಆನ್‌ಲೈನ್ ಹುಡುಕುವ ಪೆಟ್ಟಿಗೆಯನ್ನು ನಂಬದೆ ಆ ಪುಸ್ತಕದ ಕೊನೆಯ ಪುಟಗಳನ್ನು ಒಂದೊಂದೇ ತಿರುವಿ. ವಿಳಾಸದ ಜಾಗದಲ್ಲಿ ‘ಓಣಿಯಲ್ಲಿ ಡೇರೆ’, ‘ಕಾಮನ್‌ನಲ್ಲಿ ಬಂಡಿ’ ಅಂತ ಇರುತ್ತದೆ. ಕಾಮನ್ ಅಂದರೆ ಊರಿಗೆಲ್ಲ ಸೇರಿದ ಗೋಮಾಳದಂಥ ಬಯಲು.

ಗಣತಿಯ ತಿಂಗಳನ್ನೂ ನೋಡಿ. 1881ರದ್ದು ಏಪ್ರಿಲ್ 3. ಚಳಿ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಅನೇಕರು ಲಂಡನ್ನಿನ ಅಂಚಿನ ಬ್ಯಾಟರ್ಸಿ, ನಾಟಿಂಗ್ ಡೇಲ್, ಮಿಚಮ್‌ನಂಥ ಚಳಿಗಾಲದ ಜಾಗಗಳಲ್ಲೇ ಇರಬಹುದು. 1921ರದ್ದು ಮುಷ್ಕರದಿಂದ ಮುಂದೆ ಹೋಗಿ ಜೂನ್ 19ಕ್ಕೆ ನಡೆಯಿತು. ಆಗ ಜನ ದಾರಿಯಲ್ಲಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ದಾಖಲೆ 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಇಲ್ಲ. ನಡುವೆ ಉಳಿದಿರುವುದು ಯುದ್ಧ ಶುರುವಾದಾಗ ಮಾಡಿದ 1939ರ ಸೆಪ್ಟೆಂಬರ್ 29ರ ಜನರ ರಿಜಿಸ್ಟರ್ ಮಾತ್ರ. ಕೆಂಟ್‌ನಲ್ಲಿ ಅದು ಹಾಪ್ಸ್ ಕೊಯ್ಲು ಮುಗಿಯುವ ಹೊತ್ತು. ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿ ಬಿಡಿಸಲು ರೋಮನಿ ಕುಟುಂಬಗಳು ದೂರದಿಂದ ಬರುತ್ತಿದ್ದವು.

ಒಂದು ಕುಟುಂಬ ಸಿಕ್ಕಿತು ಅನ್ನಿ. ಮಕ್ಕಳು ಹುಟ್ಟಿದ ಊರುಗಳ ಪಟ್ಟಿ ಓದಿ. ಆರು ಮಕ್ಕಳಿಗೆ ಆರು ಊರು! ಅದು ಗುಮಾಸ್ತನ ಎಡವಟ್ಟಲ್ಲ, ಅವರ ದಾರಿ. ನಾನು ಆ ಊರುಗಳಿಗೆ ನಕಾಶೆಯ ಮೇಲೆ ಗುಂಡುಪಿನ್ನು ಚುಚ್ಚಿ, ಪಕ್ಕದಲ್ಲಿ ಹುಟ್ಟಿದ ತಿಂಗಳು ಬರೆದೆ. ಚಳಿಗಾಲದ ಮಕ್ಕಳೆಲ್ಲ ಲಂಡನ್ ಕಡೆ, ಸೆಪ್ಟೆಂಬರಿನವರೆಲ್ಲ ಹಾಪ್ಸ್ ಹೊಲಗಳ ಸುತ್ತ. ಆಮೇಲೆ ಯಾವ ಚರ್ಚಿನ ಪುಸ್ತಕ ತೆರೆಯಬೇಕು ಅನ್ನುವುದು ತಾನಾಗಿ ಗೊತ್ತಾಯಿತು.

ಉದ್ಯೋಗದ ಖಾನೆಯಲ್ಲಿ ಏನಿರುತ್ತದೆ?

ಹಾಕರ್, ಅಂದರೆ ಮನೆ ಮನೆಗೆ ಹೋಗಿ ಮಾರುವವರು. ಬುಟ್ಟಿ ಹೆಣೆಯುವವರು, ಬಟ್ಟೆ ಒಣಹಾಕುವ ಕಟ್ಟಿಗೆ ಕ್ಲಿಪ್ ಮಾಡುವವರು, ಚಾಕು ಸಾಣೆ ಹಿಡಿಯುವವರು, ಕುರ್ಚಿಗೆ ಬೆತ್ತ ಕಟ್ಟುವವರು, ಕಲಾಯಿಯವರು, ಕುದುರೆ ವ್ಯಾಪಾರಿ, ಪಿಟೀಲು ಬಾರಿಸುವವರು. ‘ಟ್ರಾವೆಲರ್’ ಎಂದಿದ್ದರೆ ಮಾತ್ರ ಹುಷಾರು. ಕಂಪನಿ ಮಾಲಿನ ಆರ್ಡರ್ ಹಿಡಿಯಲು ರೈಲಲ್ಲಿ ಓಡಾಡುತ್ತಿದ್ದ ಸೂಟು ಬೂಟಿನ ಮನುಷ್ಯನಿಗೂ ಅದೇ ಪದ.

ಜನನ ಪ್ರಮಾಣಪತ್ರ ಸಿಗದಿದ್ದರೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ 1837ರ ಜುಲೈ 1ಕ್ಕೆ ಶುರುವಾಯಿತು, ಸ್ಕಾಟ್ಲೆಂಡಿನಲ್ಲಿ 1855ಕ್ಕೆ. ಆದರೆ 1875ರವರೆಗೆ ಜನನ ನೋಂದಾಯಿಸದಿದ್ದರೆ ತಂದೆ ತಾಯಿಗೆ ದಂಡವಿರಲಿಲ್ಲ. ರಿಜಿಸ್ಟ್ರಾರ್ ತಾನೇ ವಿಚಾರಿಸಿಕೊಂಡು ಬರಬೇಕಿತ್ತು. ಹೆದ್ದಾರಿ ಪಕ್ಕದ ಡೇರೆಗೆ ಅವನೆಲ್ಲಿ ಬರುತ್ತಾನೆ?

ಇರುವ ನೋಂದಣಿಯನ್ನು ಹಿಡಿಯಲು ಒಂದು ದಾರಿ ಇದೆ. ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಅಡ್ಡಹೆಸರು ಕೊಟ್ಟಿದ್ದಾರೆ. ತಂದೆಯ ಅಡ್ಡಹೆಸರು ಲೀ, ತಾಯಿಯದು ಸ್ಕ್ಯಾಂಪ್ ಅಂತ ಜೋಡಿ ಹಾಕಿ, ಅಕ್ಕಪಕ್ಕದ ಜಿಲ್ಲೆಗಳಲ್ಲಿ ಒಂದೊಂದಾಗಿ ಹುಡುಕಿ. ಚದುರಿದ ಮಕ್ಕಳು ಒಂದೆಡೆ ಸೇರುತ್ತಾರೆ.

ಅದೂ ಇಲ್ಲವಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. 1538ರಿಂದ ಇಂಗ್ಲೆಂಡಿನ ಚರ್ಚುಗಳು ಇದನ್ನು ಬರೆದಿಡಬೇಕೆಂದು ಆಜ್ಞೆಯಾಯಿತು. ರೋಮನಿ ತಾಯಂದಿರು ಸಾಮಾನ್ಯವಾಗಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವುದನ್ನು ತಪ್ಪಿಸುತ್ತಿರಲಿಲ್ಲ. ಕೆಲವು ಸಲ ಒಂದೇ ಮಗುವಿಗೆ ಎರಡು ಮೂರು ಊರಲ್ಲಿ ಮಾಡಿಸಿದ್ದೂ ಇದೆ. ಪಾದ್ರಿ ಮತ್ತು ಊರ ದೊಡ್ಡಮ್ಮಂದಿರು ಮಗುವಿಗೆ ಬಟ್ಟೆಯೋ ಕಾಸೋ ಕೊಡುತ್ತಿದ್ದರು. ಹಾಗಾಗಿ ‘ಇಬ್ಬರು ಬೇರೆ ಬೇರೆ ಮಕ್ಕಳು’ ಎಂದು ನಿರ್ಧರಿಸುವ ಮೊದಲು ಇನ್ನೊಮ್ಮೆ ನೋಡಿ. ತಂದೆಯ ಹೆಸರಿನ ಪಕ್ಕ ‘ಈಜಿಪ್ಶಿಯನ್’, ‘ಟ್ರಾವೆಲರ್’, ‘ಸೋಜರ್ನರ್’, ‘ವೇಗ್ರಂಟ್’ (ಅಲೆಮಾರಿ) ಎಂದಿರಬಹುದು. ಸೋಜರ್ನರ್ ಅಂದರೆ ಬರೀ ‘ಈ ಊರವನಲ್ಲ’ ಅಂತ ಅರ್ಥ, ಅದನ್ನೇ ಜಿಪ್ಸಿ ಎಂದು ಓದಬೇಡಿ.

ಮದುವೆಯ ದಾಖಲೆಯೇ ಇಲ್ಲವಲ್ಲ?

ಓಡಿಹೋಗಿ ಜೋಡಿಯಾಗಿ, ವಾಪಸ್ ಬಂದ ಮೇಲೆ ಮನೆಯವರು ಒಪ್ಪಿದರೆ ಅದೇ ಮದುವೆ. ಮಕ್ಕಳೆಲ್ಲ ಹುಟ್ಟಿ, ವಯಸ್ಸಾದ ಮೇಲೆ ಚರ್ಚಿಗೆ ಹೋದ ಜೋಡಿಗಳೂ ಇದ್ದಾರೆ. ಮೊದಲ ಮಗು ಹುಟ್ಟುವ ಮುಂಚಿನ ವರ್ಷಗಳಲ್ಲಷ್ಟೇ ಅಲ್ಲ, ಕೊನೆಯ ಮಗು ಹುಟ್ಟಿದ ನಂತರದ ವರ್ಷಗಳಲ್ಲೂ ಹುಡುಕಿ.

ಪೊಲೀಸ್, ಕೋರ್ಟ್ ದಾಖಲೆ ನೋಡಲು ಮನಸ್ಸಾಗುವುದಿಲ್ಲ. ನೋಡಲೇಬೇಕಾ?

ನೋಡಿ. ನನಗೂ ಮೊದಮೊದಲು ಸಂಕೋಚವಿತ್ತು. ಆಮೇಲೆ ಆ ‘ಅಪರಾಧ’ಗಳು ಏನು ಅಂತ ಗೊತ್ತಾಯಿತು. 1835ರ ಹೆದ್ದಾರಿ ಕಾಯ್ದೆ ‘ಜಿಪ್ಸಿ’ ಎಂದು ಹೆಸರಿಟ್ಟೇ, ರಸ್ತೆಯ ಬದಿಗೆ ಡೇರೆ ಹಾಕಿದರೆ 40 ಶಿಲ್ಲಿಂಗ್‌ವರೆಗೆ ದಂಡ ಎಂದಿತ್ತು. ಮಲಗಿದ್ದೇ ತಪ್ಪು! ಕುದುರೆ ರಸ್ತೆ ಬದಿ ಮೇಯ್ದರೆ ತಪ್ಪು, ಲೈಸೆನ್ಸ್ ಇಲ್ಲದೆ ಮಾರಿದರೆ ತಪ್ಪು, ಕೈ ನೋಡಿ ಭವಿಷ್ಯ ಹೇಳಿದರೆ 1824ರ ಅಲೆಮಾರಿ ಕಾಯ್ದೆಯಲ್ಲಿ ತಪ್ಪು.

ಹಳೆಯ ಪತ್ರಿಕೆಗಳಲ್ಲಿ ಇವೆಲ್ಲ ಊರು, ವಾರ, ಹೆಸರಿನ ಸಮೇತ ಅಚ್ಚಾಗಿವೆ. ಡಿಜಿಟಲ್ ಆಗಿರುವ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹೆಸರು ಕೊಟ್ಟು ಹುಡುಕಬಹುದು. ಬರಹದ ಧಾಟಿ ಓದಿದರೆ ಸಿಟ್ಟು ಬರುತ್ತದೆ. ಆದರೂ ಹತ್ತು ವರ್ಷದ ಎರಡು ಗಣತಿಗಳ ನಡುವೆ ಒಂದು ಕುಟುಂಬ ಎಲ್ಲೆಲ್ಲಿತ್ತು ಅಂತ ಹೇಳುವುದು ಈ ದಂಡದ ಸುದ್ದಿಗಳೇ.

ಹಿಂದಿನ ಕಾಲಕ್ಕೆ ಹೋದರೆ ಬಡವರ ಕಾನೂನಿನ ‘ಸೆಟ್ಲ್‌ಮೆಂಟ್ ವಿಚಾರಣೆ’ ಕಾಗದಗಳು ಬಂಗಾರ. 1662ರ ಕಾಯ್ದೆಯ ಪ್ರಕಾರ, ಕೈಲಾಗದವರನ್ನು ಸಾಕುವ ಭಾರ ಅವರ ಸ್ವಂತ ಪ್ಯಾರಿಷ್‌ನದು. ಈ ಮನುಷ್ಯ ನಮ್ಮವನಲ್ಲ ಎಂದು ತೋರಿಸಲು ಅಧಿಕಾರಿಗಳು ಎಲ್ಲಿ ಹುಟ್ಟಿದೆ, ಅಪ್ಪ ಯಾರು, ಯಾವಾಗ ಮದುವೆ ಆದೆ ಅಂತ ಕೇಳಿ ಬರೆದುಕೊಂಡರು. ಓಡಿಸಲು ಬರೆದ ಕಾಗದದಲ್ಲೇ ಒಬ್ಬರ ಇಡೀ ಬದುಕು ಸಿಗುತ್ತದೆ. ಇವು ಕೌಂಟಿ ದಾಖಲೆ ಕಚೇರಿಗಳಲ್ಲಿವೆ, ಎಲ್ಲವೂ ಆನ್‌ಲೈನ್ ಬಂದಿಲ್ಲ.

ಇನ್ನೂ ಹಿಂದೆ ಹೋಗಬಹುದಾ?

ಕಷ್ಟ. 1530ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ‘ಈಜಿಪ್ಶಿಯನ್’ರನ್ನು ದೇಶದಿಂದ ಹೊರಹಾಕುವ ಕಾನೂನು ಬಂತು. 1554ರಲ್ಲಿ ಬಿಟ್ಟುಹೋಗದವರಿಗೆ ಮರಣದಂಡನೆ ಎಂದಾಯಿತು. 1596ರಲ್ಲಿ ಯಾರ್ಕ್‌ನಲ್ಲಿ 106 ಜನರಿಗೆ ಗಲ್ಲು ವಿಧಿಸಿ, 9 ಜನರನ್ನು ನಿಜಕ್ಕೂ ಕೊಂದರು. ಇಂಥ ಕಾನೂನುಗಳು 18ನೇ ಶತಮಾನದ ಕೊನೆಯವರೆಗೂ ಪುಸ್ತಕದಲ್ಲಿದ್ದವು. ‘ನಾನು ಜಿಪ್ಸಿ’ ಎಂದು ಯಾರು ತಾನೆ ಬರೆಸಿಕೊಂಡಾರು?

ಮನೆಯಲ್ಲಿ ಒಂದು ಹಳೇ ಫೋಟೋ, ಪತ್ರ ಏನೂ ಯಾಕಿಲ್ಲ?

ಸತ್ತವರ ಬಂಡಿ, ಬಟ್ಟೆ, ಸಾಮಾನನ್ನು ಸುಟ್ಟುಬಿಡುವ ಪದ್ಧತಿ ಅನೇಕ ರೋಮನಿ ಕುಟುಂಬಗಳಲ್ಲಿತ್ತು. ಕೆಲವರು ತೀರಿಕೊಂಡವರ ಹೆಸರನ್ನೂ ಬಾಯಲ್ಲಿ ತರುತ್ತಿರಲಿಲ್ಲ. ಅಸಡ್ಡೆಯಿಂದ ಕಳೆದದ್ದಲ್ಲ, ಗೌರವದಿಂದ ಸುಟ್ಟದ್ದು.

ಡಿಎನ್ಎ ಪರೀಕ್ಷೆ ಮಾಡಿಸಿದರೆ ಭಾರತದ ಪಾಲು ತೋರಿಸುತ್ತದಾ?

ಒಂದು ಲೆಕ್ಕ ಹಾಕಿ ನೋಡೋಣ. ಮುತ್ತಜ್ಜಿಯ ತಾಯಿ ಒಬ್ಬರೇ ರೋಮನಿ ಅನ್ನಿ. ಅವರಿಂದ ನಿಮಗೆ ಬರುವುದು ಸರಾಸರಿ 6.25 ಪರ್ಸೆಂಟ್. ಅವರಲ್ಲೇ ದಕ್ಷಿಣ ಏಷ್ಯಾದ ಪಾಲು ಐದರಲ್ಲಿ ಒಂದು ಭಾಗ ಇತ್ತು ಎಂದುಕೊಂಡರೆ ನಿಮ್ಮಲ್ಲಿ ಉಳಿಯುವುದು ಒಂದೂಕಾಲು (1.25) ಪರ್ಸೆಂಟ್. ಯಂತ್ರ ಅದನ್ನು ತೋರಿಸಲೂಬಹುದು, ತೋರಿಸದೆಯೂ ಇರಬಹುದು. ಇಲ್ಲ ಎಂದು ಬಂದರೆ ಅಜ್ಜಿ ಸುಳ್ಳು ಹೇಳಿದರು ಅಂತಲ್ಲ.

ಪರ್ಸೆಂಟ್ ಬಿಟ್ಟು ಹೊಂದಾಣಿಕೆಯಾದ ನೆಂಟರ ಪಟ್ಟಿ ನೋಡಿ, ಅದು ಉಪಯೋಗಕ್ಕೆ ಬರುತ್ತದೆ. ಆದರೆ ಸಂಬಂಧದಲ್ಲೇ ಮದುವೆಗಳು ಜಾಸ್ತಿ ನಡೆದಿದ್ದರಿಂದ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಸೋದರಮಾವನ ಮಗನನ್ನು ಮದುವೆಯಾಗುವ ನಾಡಿನಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾ!

ನಮ್ಮ ಮುತ್ತಜ್ಜಿ ‘ಜಿಪ್ಸಿ ರಾಣಿ’ ಅಂತೆ?

ಪ್ರತಿ ಮನೆಯಲ್ಲೂ ಒಬ್ಬ ರಾಣಿ ಇರುತ್ತಾಳೆ. ಹಿರಿಯ ಹೆಂಗಸು ಸತ್ತಾಗ ನೂರಾರು ನೆಂಟರು ಸೇರಿದರೆ ಪತ್ರಿಕೆಯವರು ‘ರಾಣಿ’ ಎಂದು ಬರೆದುಬಿಡುತ್ತಿದ್ದರು. ದಕ್ಷಿಣ ಲಂಡನ್ನಿನ ನಾರ್ವುಡ್‌ನ ‘ಜಿಪ್ಸಿ ರಾಣಿ’ ಮಾರ್ಗರೆಟ್ ಫಿಂಚ್ 1740ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು ಎಂದೇ ಪ್ರಚಾರ. ನಾರ್ವುಡ್ ಪಕ್ಕದ ‘ಜಿಪ್ಸಿ ಹಿಲ್’ ಅಲ್ಲಿದ್ದ ರೋಮನಿಗಳ ನೆನಪಿನ ಹೆಸರು. ರಾಣಿ ಪಟ್ಟ ಬಿಡಿ, ಆ ಸುದ್ದಿಯಲ್ಲಿ ಅಂತ್ಯಕ್ರಿಯೆಗೆ ಬಂದ ನೆಂಟರ ಹೆಸರಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ವೇಲ್ಸ್ ಕಡೆಯವರಾದರೆ?

ಅದೃಷ್ಟವಂತರು. ಅಲ್ಲಿ ಏಬ್ರಮ್ ವುಡ್ ಎಂಬ ಹಿರಿಯನ ಸಂತತಿ ದೊಡ್ಡದು. ಅವನನ್ನು 1799ರಲ್ಲಿ ಲಾಂಗೆಲಿನಿನ್‌ನಲ್ಲಿ ಹೂಳಿದರು, ಚರ್ಚಿನ ಪುಸ್ತಕದಲ್ಲಿ ‘ಈಜಿಪ್ಶಿಯನ್’ ಎಂದೇ ಇದೆ. ಅವನ ವಂಶದವರು ವೇಲ್ಸ್‌ನ ಹಾರ್ಪ್ ವಾದ್ಯದಲ್ಲಿ ಹೆಸರು ಮಾಡಿದರು. ತಾಯಿಯ ಕಡೆಯಿಂದ ಅದೇ ವಂಶದ ಜಾನ್ ರಾಬರ್ಟ್ಸ್ ತನ್ನ ಗಂಡುಮಕ್ಕಳ ಜೊತೆ 1889ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ನುಡಿಸಿದ.

ಕುಟುಂಬ ಯುರೋಪಿನದಾದರೆ?

ಪ್ರತಿ ದೇಶಕ್ಕೂ ಬೇರೆ ದಾರಿ. ಫ್ರಾನ್ಸಿನಲ್ಲಿ 1912ರ ಕಾನೂನು ಅಲೆಮಾರಿಗಳಿಗೆ ಫೋಟೋ, ಬೆರಳಚ್ಚು ಇರುವ ಗುರುತಿನ ಪುಸ್ತಕ ಹೊರಿಸಿತು. ಅವಮಾನಕ್ಕಾಗಿ ಮಾಡಿದ ಆ ಕಡತಗಳು ಇವತ್ತು ಜಿಲ್ಲಾ ದಾಖಲೆಗಳಲ್ಲಿವೆ. ಎಷ್ಟೋ ಮೊಮ್ಮಕ್ಕಳಿಗೆ ಅಜ್ಜನ ಮುಖ ಕಂಡದ್ದು ಅಲ್ಲೇ. ನಾಜಿಗಳ ಕಾಲದಲ್ಲಿ ಸತ್ತವರು, ಕಾಣೆಯಾದವರನ್ನು ಹುಡುಕಲು ಜರ್ಮನಿಯ ಆರೊಲ್ಸನ್ ಆರ್ಕೈವ್ಸ್ ಇದೆ, ಆನ್‌ಲೈನ್, ಉಚಿತ. ಅದನ್ನು ಒಬ್ಬರೇ ಕೂತು ನೋಡಬೇಡಿ.

ಸಹಾಯ ಯಾರಿಂದ?

ರೋಮನಿ ಅಂಡ್ ಟ್ರಾವೆಲರ್ ಫ್ಯಾಮಿಲಿ ಹಿಸ್ಟರಿ ಸೊಸೈಟಿ 1994ರಿಂದ ಇದೆ. ಕುಟುಂಬದವರೇ ಸೇರಿ ಕಟ್ಟಿದ್ದು, ಮೊದಲು ಅಲ್ಲಿ ಸದಸ್ಯರಾಗಿ. 1888ರಲ್ಲಿ ಶುರುವಾದ ಜಿಪ್ಸಿ ಲೋರ್ ಸೊಸೈಟಿಯ ಹಳೆಯ ಸಂಗ್ರಹ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿದೆ. ಡೇರೆಗಳಿಗೆ ಹೋಗಿ ವಂಶಾವಳಿ ಬರೆದುಕೊಂಡ ಹವ್ಯಾಸಿ ವಿದ್ವಾಂಸರ ಟಿಪ್ಪಣಿಗಳು ಅಲ್ಲಿ ರಾಶಿ ಇವೆ. ‘ಶುದ್ಧ ರಕ್ತ’ದ ಹುಚ್ಚು ಅವರಿಗೂ ಇತ್ತು, ಅದನ್ನು ಪಕ್ಕಕ್ಕಿಟ್ಟು ಹೆಸರುಗಳನ್ನಷ್ಟೇ ತೆಗೆದುಕೊಳ್ಳಿ. ಲೀಡ್ಸ್ ವಿಶ್ವವಿದ್ಯಾಲಯದಲ್ಲೂ ಒಂದು ರೋಮನಿ ಸಂಗ್ರಹವಿದೆ. ದುಡ್ಡು ಖರ್ಚು ಮಾಡುವ ಮೊದಲು ಫ್ರೀಬಿಎಂಡಿ, ಫ್ಯಾಮಿಲಿಸರ್ಚ್ ಜಾಲತಾಣಗಳನ್ನು ನೋಡಿ, ಎರಡೂ ಉಚಿತ.

ಮನೆಯ ಹಿರಿಯರು ಬಾಯೇ ಬಿಡುವುದಿಲ್ಲ. ಏನು ಮಾಡಲಿ?

ಒತ್ತಾಯ ಮಾಡಬೇಡಿ. ಶಾಲೆಯಲ್ಲಿ ಕಲ್ಲು ತಿಂದು, ಅಂಗಡಿಯಿಂದ ಹೊರಗೆ ಹಾಕಿಸಿಕೊಂಡು, ಇಟ್ಟಿಗೆ ಮನೆಗೆ ಬಂದ ಮೇಲೆ ಮುಚ್ಚಿಟ್ಟದ್ದು ಅದು. ನನ್ನ ಗಂಡನ ಅಜ್ಜಿಯೂ ಎರಡು ವರ್ಷ ‘ಅದೆಲ್ಲ ಯಾಕೆ ಬೇಕು’ ಅನ್ನುತ್ತಿದ್ದರು. ನಾನು ಪ್ರಶ್ನೆ ಕೇಳುವುದು ಬಿಟ್ಟು, ಗುಂಡುಪಿನ್ನಿನ ಆ ನಕಾಶೆಯನ್ನು ಅಡುಗೆಮನೆ ಮೇಜಿನ ಮೇಲೆ ಹಾಸಿ ಚಹಾ ಮಾಡಲು ಎದ್ದೆ. ವಾಪಸ್ ಬರುವಷ್ಟರಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಒಂದು ಪಿನ್ನು ಕಿತ್ತಿದ್ದರು. “ಇಲ್ಲಲ್ಲ ನಾವು ನಿಲ್ಲುತ್ತಿದ್ದದ್ದು, ಈ ಹಳ್ಳದ ಆಚೆ” ಅಂದು, ಎರಡು ಬೆರಳು ಅಗಲ ಪಕ್ಕಕ್ಕೆ ಚುಚ್ಚಿದರು.